ಒಂದು ಸೂಜಿಗೆ ಮುಗಿಯದ ಮಾತು

ಹಾಲುರಾಮೇಶ್ವರ, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸೀಮೆಯಲ್ಲಿ ಶುಗರ್, ಬಿಪಿ ಇರುವ ಹಿರಿಯರಿಗೆ, ಅವರ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯುವ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳಿಗೆ ಈ ಪತ್ರ.

ಹಾಲುರಾಮೇಶ್ವರದ ಕೊಳದ ಮುಂದೆ ನಿಲ್ಲುವವರಿಗೆ ಕಾಯುವುದು ಹೊಸದಲ್ಲ. ಹರಕೆ ಹೊತ್ತು ಬಂದವರು ಗಂಗೆಯ ನೀರಿನ ಮೇಲೆ ಕಣ್ಣು ನೆಟ್ಟು ನಿಲ್ಲುತ್ತಾರೆ. ಕೊಳದೊಳಗಿಂದ ತೇಲಿ ಮೇಲೆ ಬಂದ ವಸ್ತುವನ್ನು ಗಂಗೆಯ ಪ್ರಸಾದವೆಂದು ಸೆರಗಿನಲ್ಲೋ ಟವೆಲಿನಲ್ಲೋ ಕಟ್ಟಿಕೊಂಡು ಊರ ದಾರಿ ಹಿಡಿಯುತ್ತಾರೆ. ಹಾಗೆ ಕಣ್ಣು ನೆಟ್ಟು ನೋಡುವ ಶಕ್ತಿ, ತೇಲಿ ಬಂದದ್ದು ಏನೆಂದು ಗುರುತಿಸುವ ಶಕ್ತಿ, ಎದುರಿಗೆ ನಿಂತವರ ಮುಖ ನೋಡಿ ಹೆಸರು ಹಿಡಿದು ಕರೆಯುವ ಶಕ್ತಿ, ಇವೆಲ್ಲ ಕಣ್ಣಿನ ಹಿಂಭಾಗದ ಪರದೆಯ ನಟ್ಟನಡುವೆ ಇರುವ ಒಂದು ಪುಟ್ಟ ಜಾಗದ ಕೆಲಸ. ಅದರ ಅಗಲ ಸುಮಾರು ಐದೂವರೆ ಮಿಲಿಮೀಟರ್. ವೈದ್ಯರು ಅದನ್ನು ಮ್ಯಾಕ್ಯುಲಾ ಎನ್ನುತ್ತಾರೆ. ಈ ಪತ್ರ ಆ ಜಾಗದ ಬಗ್ಗೆ, ಅದನ್ನು ಉಳಿಸಿಕೊಳ್ಳಲು ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಬಗ್ಗೆ.

‘ಕಣ್ಣಿಗೆ ಸೂಜಿ’ ಎಂದ ಕೂಡಲೇ ಎಂಥ ಗಟ್ಟಿ ಮನುಷ್ಯರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆ ಹೆದರಿಕೆ ಸಹಜ. ಆದರೆ ಊರ ಕಡೆಯವರ ಕಣ್ಣುಗಳನ್ನು ಕಳೆಯುತ್ತಿರುವುದು ಆ ಹೆದರಿಕೆಯೊಂದೇ ಅಲ್ಲ. ಮೊದಲ ಸೂಜಿಯನ್ನು ಧೈರ್ಯವಾಗಿ ಹಾಕಿಸಿಕೊಂಡು, ಮೂರನೆಯದಕ್ಕೋ ನಾಲ್ಕನೆಯದಕ್ಕೋ ಹೋಗದೆ ಉಳಿಯುವುದು ಅದಕ್ಕಿಂತ ದೊಡ್ಡ ಅಪಾಯ. ಈ ಪತ್ರ ಬರೆಯಬೇಕಾಗಿ ಬಂದದ್ದೇ ಆ ಕಾರಣಕ್ಕೆ.

ಹೀಗೆ ನಡುವೆಯೇ ನಿಲ್ಲಿಸುವುದಕ್ಕೆ ಒಂದು ಹಳೆಯ ಕಾರಣವಿದೆ, ಅದು ಒಳ್ಳೆಯ ಕಾರಣವೇ. ಕನ್ನಡ ನಾಡಿಗೆ ಕಣ್ಣಿನ ಚಿಕಿತ್ಸೆ ಎಂದರೇನೆಂದು ಕಲಿಸಿದವರು ಡಾ. ಎಂ.ಸಿ. ಮೋದಿ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಅವರು ಊರೂರಿಗೆ ಶಿಬಿರ ಒಯ್ದರು. ಶಾಲೆಗಳು, ಛತ್ರಗಳು ಆಪರೇಷನ್ ಕೊಠಡಿಗಳಾದವು. ತಿರುಪತಿಯಲ್ಲಿ 1968ರಲ್ಲಿ ಒಂದೇ ದಿನ 833 ಜನರ ಪೊರೆ ತೆಗೆದದ್ದು ದಾಖಲೆಯಾಗಿ ಉಳಿದಿದೆ. ಅಜ್ಜ ಕಾಣದೆ ಹೋದರು, ಪಟ್ಟಿ ಬಿಚ್ಚಿದ ಮೇಲೆ ಕಾಣುತ್ತ ಬಂದರು. ಹೀಗೆ ಸಾವಿರಾರು ಮನೆಗಳಲ್ಲಿ ನಡೆದದ್ದರಿಂದ ಕಣ್ಣಿನ ಕಾಯಿಲೆ ಒಂದು ಆಪರೇಷನ್ನಿಗೆ ಮುಗಿಯುವ ವಿಷಯ ಎಂಬ ನಂಬಿಕೆ ಬೇರೂರಿತು. ಪೊರೆಯ ಮಟ್ಟಿಗೆ ಅದು ಇವತ್ತಿಗೂ ಹೆಚ್ಚುಕಡಿಮೆ ನಿಜ.

ಪರದೆಯ ಮಟ್ಟಿಗೆ ನಿಜವಲ್ಲ.

ಪೊರೆಗೂ ಪರದೆಗೂ ಇರುವ ವ್ಯತ್ಯಾಸ ಟೆಂಟ್ ಸಿನಿಮಾ ನೋಡಿದ ಹಿರಿಯರಿಗೆ ಬೇಗ ಅರ್ಥವಾಗುತ್ತದೆ. ಪ್ರೊಜೆಕ್ಟರಿನ ಮುಂದಿನ ಗಾಜು ಮಬ್ಬಾದರೆ ಚಿತ್ರ ಮಸುಕಾಗುತ್ತದೆ. ಗಾಜು ಬದಲಿಸಿದರೆ ಸರಿಹೋಗುತ್ತದೆ. ಅದು ಪೊರೆ. ಆದರೆ ಚಿತ್ರ ಬೀಳುವ ಬಿಳಿ ಪರದೆಯೇ ಮಳೆಗೆ ನೆನೆದು ಉಬ್ಬಿದರೆ, ಅಲ್ಲಲ್ಲಿ ಹರಿದರೆ, ಗಾಜು ಎಷ್ಟು ಶುಭ್ರವಾಗಿದ್ದರೂ ನಾಯಕನ ಮುಖ ಸೊಟ್ಟಗೇ ಕಾಣುತ್ತದೆ. ಕಣ್ಣಿನ ಆ ಪರದೆಯೇ ಅಕ್ಷಿಪಟಲ. ಆಸ್ಪತ್ರೆಯಲ್ಲಿ ಎಲ್ಲರೂ ರೆಟಿನಾ ಎನ್ನುತ್ತಾರೆ. ಅದು ಬಟ್ಟೆಯಲ್ಲ, ಜೀವಂತ ನರದ ಹಾಳೆ. ಮಿದುಳಿನ ಒಂದು ತುಣುಕೇ ಕಣ್ಣಿನೊಳಗೆ ಹಾಸಿಕೊಂಡಿದೆ ಎಂದರೂ ಸರಿಯೇ.

ಹರಿದರೆ ಹೊಸದು ಹಾಕಿಸಬಹುದಲ್ಲ ಎಂಬ ಮಾತು ಪುನೀತ್ ರಾಜ್‌ಕುಮಾರ್ ತೀರಿಕೊಂಡ ನಂತರ ಬಹಳ ಕಡೆ ಕೇಳಿಬರುತ್ತದೆ. 2021ರ ಅಕ್ಟೋಬರ್ 29ರಂದು ಅವರು ಹೋದ ಮೇಲೆ, ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ನೋಟ ಬಂತು. ತಂದೆ ಡಾ. ರಾಜ್‌ಕುಮಾರ್ ಕೂಡ 2006ರಲ್ಲಿ ಹಾಗೆಯೇ ಕಣ್ಣು ಕೊಟ್ಟು ಹೋಗಿದ್ದರು. ಆದರೆ ದಾನದ ಕಣ್ಣಿನಿಂದ ಇನ್ನೊಬ್ಬರಿಗೆ ನೋಟಕ್ಕಾಗಿ ಹಾಕುವುದು ಮುಂಭಾಗದ ಪಾರದರ್ಶಕ ಹೊದಿಕೆಯನ್ನು, ಅಂದರೆ ಕಾರ್ನಿಯಾವನ್ನು ಮಾತ್ರ. ಹಿಂದಿನ ಪರದೆಯನ್ನು ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಹಾಕುವ ಚಿಕಿತ್ಸೆ ಇಲ್ಲ. ಸಕ್ಕರೆ ಕಾಯಿಲೆಯಿಂದ ಸತ್ತುಹೋದ ಪರದೆಗೆ ಯಾರ ದಾನದಿಂದಲೂ ಬದಲಿ ಸಿಗದು. ಇರುವುದನ್ನು ಉಳಿಸಿಕೊಳ್ಳಬೇಕು, ಅಷ್ಟೇ.

ಪರದೆಗೆ ಏನಾಗುತ್ತದೆ ಎಂಬುದನ್ನು ಬೋರ್‌ವೆಲ್ ಸೀಮೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೋಟಕ್ಕೆ ನೀರು ಒಯ್ಯುವ ಡ್ರಿಪ್ ಪೈಪುಗಳಿದ್ದಂತೆ ರೆಟಿನಾದಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಆ ನಾಳಗಳ ಗೋಡೆ ಹಾಳಾಗುತ್ತದೆ. ಕೆಲವು ಕಡೆ ಸೋರುತ್ತವೆ. ಸೋರಿದ ನೀರು ಮ್ಯಾಕ್ಯುಲಾದಲ್ಲಿ ನಿಂತು ಅದು ಊದಿಕೊಳ್ಳುತ್ತದೆ, ಅಕ್ಷರ ಮಸುಕಾಗುತ್ತದೆ. ಇನ್ನು ಕೆಲವು ಕಡೆ ನಾಳ ಪೂರ್ತಿ ಕಟ್ಟಿಕೊಳ್ಳುತ್ತದೆ. ಆ ಭಾಗಕ್ಕೆ ಆಮ್ಲಜನಕ ಹೋಗದು. ತೋಟ ಒಣಗುವಾಗ ರೈತರು ಏನು ಮಾಡುತ್ತಾರೆ? ಸಾಲ ಮಾಡಿಯಾದರೂ ಇನ್ನೊಂದು ಬೋರ್ ಕೊರೆಸುತ್ತಾರೆ. ಒಣಗುವ ರೆಟಿನಾ ಕೂಡ ಅದನ್ನೇ ಮಾಡುತ್ತದೆ. ಹೊಸ ರಕ್ತನಾಳ ಬೆಳೆಯಲಿ ಎಂದು ಒಂದು ರಾಸಾಯನಿಕ ಸಂದೇಶ ಕಳಿಸುತ್ತದೆ. ಅದರ ಹೆಸರು ವಿಇಜಿಎಫ್. ಹೊಸ ನಾಳಗಳು ಹುಟ್ಟುತ್ತವೆ, ಆದರೆ ಅವು ಕೇಸಿಂಗ್ ಪೈಪ್ ಇಳಿಸದ ಬೋರಿನಂತೆ ದುರ್ಬಲ, ಯಾವಾಗ ಬೇಕಾದರೂ ಕುಸಿಯಬಹುದು. ಒಂದು ಬೆಳಗ್ಗೆ ಎದ್ದು ನೋಡಿದರೆ ಕಣ್ಣಿನೊಳಗೆ ರಕ್ತ ಇಳಿದು ಎಲ್ಲ ಕಪ್ಪು ಅಥವಾ ಕೆಂಪು. ಆ ನಾಳಗಳ ಜೊತೆ ಬೆಳೆಯುವ ಗಾಯದ ಎಳೆಗಳು ಜಗ್ಗಿದರೆ ಪರದೆ ಗೋಡೆಯಿಂದ ಕಿತ್ತುಬರುತ್ತದೆ.

ಬಿಪಿ ಇರುವವರಲ್ಲಿ ಇನ್ನೊಂದು ಬಗೆ ಇದೆ. ರೆಟಿನಾದಿಂದ ರಕ್ತ ಹೊರಗೊಯ್ಯುವ ಅಭಿಧಮನಿಯೇ ಕಟ್ಟಿಕೊಂಡು ನೋವಿಲ್ಲದೆ ಒಂದು ಕಣ್ಣು ಇದ್ದಕ್ಕಿದ್ದಂತೆ ಮಂಜಾಗುತ್ತದೆ. ‘ಕಣ್ಣಿನ ನರ ಬ್ಲಾಕ್ ಆಗಿದೆ’ ಎಂದು ಜನ ಹೇಳುವುದು ಬಹುಮಟ್ಟಿಗೆ ಇದನ್ನೇ. ಅಲ್ಲಿಯೂ ಊತ ತರುವುದು ಅದೇ ವಿಇಜಿಎಫ್.

ಹಾಗಾದರೆ ಆ ಸಂದೇಶವನ್ನೇ ತಡೆದರೆ? ಈ ಯೋಚನೆ ಹುಟ್ಟಿದ್ದು ಕಣ್ಣಾಸ್ಪತ್ರೆಯಲ್ಲಲ್ಲ, ಕ್ಯಾನ್ಸರ್ ಸಂಶೋಧನೆಯಲ್ಲಿ. ಗಡ್ಡೆ ಬೆಳೆಯಲು ಹೊಸ ರಕ್ತನಾಳ ಬೇಕು, ಅದನ್ನು ತಡೆದರೆ ಗಡ್ಡೆಯನ್ನೂ ತಡೆಯಬಹುದು ಎಂದು ಅಮೆರಿಕದ ಸರ್ಜನ್ ಜೂಡಾ ಫೋಕ್‌ಮನ್ 1971ರಲ್ಲಿ ಬರೆದಾಗ ನಂಬಿದವರು ಕಡಿಮೆ. 1989ರಲ್ಲಿ ನೆಪೋಲಿಯೋನೆ ಫೆರಾರಾ ಮತ್ತು ಸಂಗಡಿಗರು ವಿಇಜಿಎಫ್ ಅನ್ನು ಬೇರ್ಪಡಿಸಿ ತೋರಿಸಿದರು. ಅದನ್ನು ಹಿಡಿದು ಕಟ್ಟಿಹಾಕುವ ಬೆವಾಸಿಜುಮ್ಯಾಬ್ ಎಂಬ ಔಷಧ, ಮಾರಾಟದ ಹೆಸರು ಅವಾಸ್ಟಿನ್, 2004ರಲ್ಲಿ ಕರುಳಿನ ಕ್ಯಾನ್ಸರಿಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಮರುವರ್ಷ ಮಯಾಮಿಯ ಕಣ್ಣಿನ ವೈದ್ಯ ಫಿಲಿಪ್ ರೋಸನ್‌ಫೆಲ್ಡ್ ಅದರ ಒಂದು ಹನಿಯಷ್ಟನ್ನು ರೋಗಿಯ ಕಣ್ಣಿನೊಳಗೆ ಕೊಟ್ಟರು. ಊದಿದ ಪರದೆ ಇಳಿಯಿತು. ಅಲ್ಲಿಂದ ಒಂದೆರಡು ವರ್ಷಗಳಲ್ಲಿ ಈ ಪದ್ಧತಿ ಲೋಕವೆಲ್ಲ ಹಬ್ಬಿತು. ಕಣ್ಣಿಗೆಂದೇ ತಯಾರಾದ ರಾನಿಬಿಜುಮ್ಯಾಬ್ 2006ರಲ್ಲಿ, ಅಫ್ಲಿಬರ್ಸೆಪ್ಟ್ 2011ರಲ್ಲಿ ಬಂದವು. ಅಹಮದಾಬಾದಿನ ಇಂಟಾಸ್ ಕಂಪನಿ ರಾನಿಬಿಜುಮ್ಯಾಬಿಗೆ ಸರಿಸಾಟಿಯಾದ ರಜುಮ್ಯಾಬ್ ಅನ್ನು 2015ರಲ್ಲಿ ತಂದಾಗ ಬೆಲೆಯ ಹೊರೆ ಒಂದಿಷ್ಟು ಇಳಿಯಿತು.

ಬೆಲೆಯ ವಿಚಾರದಲ್ಲಿ ಒಂದು ಮಾತು ಬಿಡಿಸಿ ಹೇಳಲೇಬೇಕು, ಏಕೆಂದರೆ ‘ಕ್ಯಾನ್ಸರ್ ಔಷಧ ಕಣ್ಣಿಗೆ ಹಾಕಿದರು’ ಎಂಬ ಗಾಬರಿ ಮನೆಗಳಲ್ಲಿ ಹುಟ್ಟುತ್ತದೆ. ಬೆವಾಸಿಜುಮ್ಯಾಬ್ ಅಗ್ಗ, ಯಾಕೆಂದರೆ ಕ್ಯಾನ್ಸರಿಗೆಂದು ಬರುವ ಒಂದು ದೊಡ್ಡ ಸೀಸೆಯಿಂದ ಹತ್ತಾರು ಕಣ್ಣುಗಳಿಗೆ ಸಾಲುವಷ್ಟು ಔಷಧ ಸಿಗುತ್ತದೆ. ಕಣ್ಣಿನ ಬಳಕೆಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಅದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ತೊಡಕು ಇರುವುದು ಸೀಸೆಯಿಂದ ಹಂಚುವ ಕೆಲಸದಲ್ಲಿ. ಆ ಹಂಚಿಕೆ ಪೂರ್ಣ ಶುಚಿಯಾಗಿ ನಡೆಯದಿದ್ದರೆ ಸೋಂಕು ಹಲವು ಕಣ್ಣುಗಳಿಗೆ ಒಮ್ಮೆಗೇ ತಗಲುತ್ತದೆ. 2016ರ ಆರಂಭದಲ್ಲಿ ಗುಜರಾತಿನಲ್ಲಿ 15 ಜನರ ದೃಷ್ಟಿಗೆ ತೊಂದರೆಯಾದಾಗ ಭಾರತದ ಔಷಧ ನಿಯಂತ್ರಕರು ಕಣ್ಣಿಗೆ ಇದನ್ನು ಬಳಸದಂತೆ ಎಚ್ಚರಿಕೆ ಕೊಟ್ಟರು. ನೇತ್ರವೈದ್ಯರ ಸಂಘಗಳು ವಿವರ ಮುಂದಿಟ್ಟ ಮೇಲೆ ಕೆಲವೇ ತಿಂಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಆದ್ದರಿಂದ ಯಾವ ಔಷಧ ಕೊಡುತ್ತಿದ್ದೀರಿ, ಅದು ಒಬ್ಬರಿಗೇ ಬರುವ ಸೀಸೆಯೋ ಹಂಚಿದ್ದೋ, ಹಂಚಿದ್ದಾದರೆ ಎಲ್ಲಿ ಹಂಚಿದ್ದು ಎಂದು ಕೇಳುವುದು ತಪ್ಪಲ್ಲ. ಕೇಳಿದ್ದಕ್ಕೆ ಸಿಡುಕುವ ವೈದ್ಯರಿಗಿಂತ ಕೂತು ಹೇಳುವ ವೈದ್ಯರೇ ಹೆಚ್ಚು.

ಇನ್ನು ಸೂಜಿಯ ವಿಷಯ. ಇದನ್ನು ನಿಧಾನವಾಗಿ ಓದಿ, ಓದಲಾಗದ ಹಿರಿಯರಿಗೆ ಓದಿ ಹೇಳಿ; ಅರ್ಧ ಭಯ ಗೊತ್ತಿಲ್ಲದ್ದರ ಭಯ.

ಇಂಜೆಕ್ಷನ್ ಕೊಡುವುದು ಸಾಮಾನ್ಯವಾಗಿ ಆಪರೇಷನ್ ಥಿಯೇಟರಿನಲ್ಲಿ. ಮಲಗಿಸಿ, ಕಣ್ಣಿಗೆ ಮರಗಟ್ಟುವ ಹನಿಗಳನ್ನು ಎರಡು ಮೂರು ಸಲ ಹಾಕುತ್ತಾರೆ. ನಂತರ ಕಂದು ಬಣ್ಣದ ಅಯೋಡಿನ್ ದ್ರಾವಣ, ಪೊವಿಡೋನ್ ಅಯೋಡಿನ್, ರೆಪ್ಪೆಗೂ ಕಣ್ಣಿಗೂ ಹಾಕುತ್ತಾರೆ. ಚುರುಚುರು ಎನ್ನುವುದು ಬಹುಮಟ್ಟಿಗೆ ಇದೇ, ಸೂಜಿಯಲ್ಲ. ಸೋಂಕು ತಡೆಯುವ ಎಲ್ಲ ಕ್ರಮಗಳಲ್ಲಿ ಮುಖ್ಯವಾದದ್ದೂ ಇದೇ, ಆದ್ದರಿಂದ ಆ ಉರಿಯನ್ನು ಸಹಿಸಿಕೊಳ್ಳಬೇಕು. ರೆಪ್ಪೆ ಮುಚ್ಚದಂತೆ ಒಂದು ಸಣ್ಣ ತಂತಿಯ ಸಾಧನ ಇಡುತ್ತಾರೆ. ‘ಕಣ್ಣು ಮಿಟುಕಿಸಿಬಿಟ್ಟರೆ?’ ಎಂಬ ಚಿಂತೆ ಅಲ್ಲಿಗೆ ಮುಗಿಯಿತು. ಸೂಜಿ ಚುಚ್ಚುವುದು ಕಪ್ಪುಗುಡ್ಡೆಗಲ್ಲ. ಅದರ ಅಂಚಿನಿಂದ ಮೂರೂವರೆ ಅಥವಾ ನಾಲ್ಕು ಮಿಲಿಮೀಟರ್ ಆಚೆ, ಬಿಳಿಗುಡ್ಡೆಯಲ್ಲಿ, ಅಳತೆ ಮಾಡಿದ ಜಾಗಕ್ಕೆ. ಅಲ್ಲಿ ಮಸೂರವೂ ಇಲ್ಲ, ಪರದೆಯೂ ಇಲ್ಲ. ಬೇರೆ ಕಡೆ ನೋಡಿ ಎನ್ನುವುದರಿಂದ ಸೂಜಿ ಬರುವುದು ಕಾಣುವುದೂ ಇಲ್ಲ. ಒಳಗೆ ಹೋಗುವ ಔಷಧ 0.05 ಮಿಲಿಲೀಟರ್, ಅಂದರೆ ಒಂದು ಹನಿ. ಕೆಲವೇ ಸೆಕೆಂಡು. ಬಹಳ ಜನ ‘ಯಾವಾಗ ಚುಚ್ತೀರಿ ಸಾರ್?’ ಎಂದು ಕೇಳುವ ಹೊತ್ತಿಗೆ ಅದು ಮುಗಿದಿರುತ್ತದೆ.

ಹೊರಬಂದ ಮೇಲೆ ಒಂದೆರಡು ದಿನ ಕಪ್ಪು ಗುಳ್ಳೆಗಳು ತೇಲಿದಂತೆ ಕಾಣಬಹುದು. ಚುಚ್ಚಿದಲ್ಲಿ ಬಿಳಿಗುಡ್ಡೆ ಮೇಲೆ ಕೆಂಪು ಕಲೆ ಮೂಡಬಹುದು, ಅದು ತಾನೇ ಹೋಗುತ್ತದೆ. ಹೇಳಿದಷ್ಟು ದಿನ ಕಣ್ಣಿಗೆ ನೀರು ತಾಗಿಸಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು, ಕಣ್ಣು ಉಜ್ಜಬಾರದು. ಎದೆಹಾಲು, ಎಲೆಯ ರಸ, ಹರಳೆಣ್ಣೆ, ತೀರ್ಥ ಯಾವುದನ್ನೂ ಕಣ್ಣಿಗೆ ಬಿಡಬಾರದು. ಭಕ್ತಿಗೆ ಅಡ್ಡಿಯಿಲ್ಲ; ತೀರ್ಥ ಅಂಗೈಯಲ್ಲಿ ತೆಗೆದುಕೊಂಡು ಕುಡಿಯಲಿ, ಕಣ್ಣಿಗೆ ಒತ್ತಿಕೊಳ್ಳುವುದು ಬೇಡ.

ಅಪಾಯ ಇಲ್ಲವೇ ಎಂದರೆ, ಇದೆ. ಎರಡು ಮೂರು ಸಾವಿರ ಇಂಜೆಕ್ಷನ್ನಿಗೆ ಒಂದರಂತೆ ಕಣ್ಣಿನೊಳಗೆ ಸೋಂಕು ಆಗಬಹುದು. ಅದರ ಗುರುತುಗಳನ್ನು ಮನೆಯವರೆಲ್ಲ ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ: ಚುಚ್ಚಿದ ಮರುದಿನದಿಂದ ಒಂದು ವಾರದೊಳಗೆ ನೋವು ಇಳಿಯುವ ಬದಲು ಏರುವುದು, ಕೆಂಪು ಹೆಚ್ಚುವುದು, ಬೆಳಕು ನೋಡಲಾಗದಿರುವುದು, ನೋಟ ಮಂಕಾಗುತ್ತ ಹೋಗುವುದು. ಹೀಗಾದರೆ ಬೆಳಗಾಗಲಿ, ಸೋಮವಾರ ಬರಲಿ, ಜಾತ್ರೆ ಮುಗಿಯಲಿ ಎಂದು ಕಾಯುವಂತಿಲ್ಲ. ಅದೇ ರಾತ್ರಿ ಹೊರಡಬೇಕು. ಚುಚ್ಚಿದ ಆಸ್ಪತ್ರೆಯ ತುರ್ತು ಫೋನ್ ನಂಬರನ್ನು ಅಂದೇ ಮಗನ ಮೊಬೈಲಿಗೆ ಸೇರಿಸಿಕೊಳ್ಳಬೇಕು. ಇತ್ತೀಚೆಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿದ್ದವರು, ಬಸುರಿಯರು ಅದನ್ನು ಸೂಜಿಗೆ ಮುಂಚೆಯೇ ವೈದ್ಯರಿಗೆ ಹೇಳಬೇಕು.

ಇಷ್ಟೆಲ್ಲ ಪಟ್ಟಮೇಲೆ ಸಿಗುವುದೇನು? ರೆಟಿನಾದ ಮುಖ್ಯ ಅಭಿಧಮನಿ ಕಟ್ಟಿಕೊಂಡವರ ಮೇಲೆ ನಡೆದ ‘ಕ್ರೂಸ್’ ಎಂಬ ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಪ್ರತಿ ತಿಂಗಳು ರಾನಿಬಿಜುಮ್ಯಾಬ್ ಪಡೆದವರಲ್ಲಿ ನೂರಕ್ಕೆ ಸುಮಾರು 48 ಜನ ಆರು ತಿಂಗಳ ಹೊತ್ತಿಗೆ ಕಣ್ಣಿನ ಚಾರ್ಟಿನಲ್ಲಿ ಮೂರು ಸಾಲು ಅಥವಾ ಹೆಚ್ಚು ಓದತೊಡಗಿದರು. ಔಷಧವಿಲ್ಲದೆ ಚುಚ್ಚಿದಂತೆ ಮಾತ್ರ ಮಾಡಿಸಿಕೊಂಡವರಲ್ಲಿ ಅಷ್ಟು ಸುಧಾರಿಸಿದವರು 17. ಎಲ್ಲರಿಗೂ ನೋಟ ಮರಳುವುದಿಲ್ಲ ಎಂಬುದನ್ನೂ ಈ ಅಂಕಿಯೇ ಹೇಳುತ್ತದೆ. ಆದರೆ ಮೊಮ್ಮಗಳ ಮುಖ ಕಾಣುವುದಕ್ಕೂ ಕಾಣದಿರುವುದಕ್ಕೂ ನಡುವೆ ಇರುವುದು ಎಷ್ಟೋ ಸಲ ಆ ಮೂರು ಸಾಲುಗಳೇ.

ಈಗ ಮುಖ್ಯವಾದ ಮಾತು. ಈ ಔಷಧ ಕಣ್ಣಿನಲ್ಲಿ ಶಾಶ್ವತವಾಗಿ ಕೂರುವುದಿಲ್ಲ. ಒಂದೆರಡು ತಿಂಗಳಲ್ಲಿ ಕರಗಿಹೋಗುತ್ತದೆ. ರೋಗದ ಮೂಲ, ಅಂದರೆ ಶುಗರ್, ಬಿಪಿ, ಒಣಗಿದ ರೆಟಿನಾ, ಅಲ್ಲಿಯೇ ಇರುತ್ತದೆ. ಮತ್ತೆ ವಿಇಜಿಎಫ್ ಬರುತ್ತದೆ, ಮತ್ತೆ ಸೋರುತ್ತದೆ. ಆದ್ದರಿಂದ ಆರಂಭದಲ್ಲಿ ತಿಂಗಳಿಗೊಂದರಂತೆ ಮೂರರಿಂದ ಐದು ಸೂಜಿ ಸಾಮಾನ್ಯ, ಆಮೇಲೆ ರೆಟಿನಾದ ಸ್ಕ್ಯಾನ್ ನೋಡಿ ಸೂಜಿಗಳ ನಡುವಿನ ಅಂತರ ಹೆಚ್ಚಿಸುತ್ತಾರೆ. ಇದು ಎಂದೆಂದಿಗೂ ಹೀಗೆಯೇ ಎಂದು ಕೈಚೆಲ್ಲುವವರಿಗೆ ಒಂದು ಸಮಾಧಾನದ ಲೆಕ್ಕ ಇದೆ. ಸಕ್ಕರೆ ಕಾಯಿಲೆಯ ಮ್ಯಾಕ್ಯುಲಾ ಊತಕ್ಕೆ ರಾನಿಬಿಜುಮ್ಯಾಬ್ ಕೊಟ್ಟು ಐದು ವರ್ಷ ಹಿಂಬಾಲಿಸಿದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಮೊದಲ ವರ್ಷ ನಡುಲೆಕ್ಕಕ್ಕೆ ಎಂಟೋ ಒಂಬತ್ತೋ ಸೂಜಿ ಬೇಕಾದವು. ಎರಡನೆಯ ವರ್ಷ ಎರಡೋ ಮೂರೋ. ಮೂರನೆಯ ವರ್ಷ ಒಂದೋ ಎರಡೋ. ನಾಲ್ಕು, ಐದನೆಯ ವರ್ಷಗಳಲ್ಲಿ ಒಂದು, ಅಥವಾ ಅದೂ ಇಲ್ಲ. ಕಷ್ಟವೆಲ್ಲ ಮೊದಲ ವರ್ಷದ್ದು. ತೆಂಗಿನ ಸಸಿಗೆ ಮೊದಲ ಬೇಸಿಗೆಗಳಲ್ಲಿ ನೀರು ಹೊತ್ತು ಹಾಕಿದವರಿಗೆ ಈ ಲೆಕ್ಕ ಹೊಸದೇನಲ್ಲ.

ಆದರೆ ಕೊಂಡಿ ಕಳಚುವುದೂ ಆ ಮೊದಲ ವರ್ಷದಲ್ಲೇ. ಎರಡು ಸೂಜಿಗೆ ಊತ ಇಳಿದು ನೋಟ ತಿಳಿಯಾಗುತ್ತದೆ. ‘ಕಾಣ್ತೈತಲ್ಲ, ಇನ್ಯಾಕೆ ಸೂಜಿ?’ ಎನ್ನುತ್ತಾರೆ ಅಜ್ಜಿ. ಅಥವಾ ಎರಡು ಸೂಜಿಗೂ ಏನೂ ವ್ಯತ್ಯಾಸ ಕಾಣದೆ, ‘ದುಡ್ಡು ದಂಡ, ಸಾಕು ಬಿಡಪ್ಪ’ ಎನ್ನುತ್ತಾರೆ ಅಜ್ಜ. ನಡುವೆ ಅಡಿಕೆ ಕೊಯ್ಲು ಬರುತ್ತದೆ, ಶೇಂಗಾ ಕೀಳುವ ಕಾಲ ಬರುತ್ತದೆ, ರಾಗಿ ಒಕ್ಕಣೆ ಬರುತ್ತದೆ, ಮನೆಯಲ್ಲಿ ಮದುವೆ ಬರುತ್ತದೆ. ದಾವಣಗೆರೆಗೋ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಿಬರಲು ಒಬ್ಬರ ಒಂದಿಡೀ ದಿನದ ಕೂಲಿ, ಜೊತೆಗೆ ಬರುವವರ ಇನ್ನೊಂದು ದಿನದ ಕೂಲಿ. ಹೊಸದುರ್ಗ ರೋಡ್ ಸ್ಟೇಷನ್ನಿನಿಂದ ರೈಲು ಹತ್ತಬೇಕೆಂದರೂ ಮೊದಲು ಊರಿನಿಂದ ಸ್ಟೇಷನ್ ಮುಟ್ಟಬೇಕು. ಇವು ನೆಪಗಳಲ್ಲ. ಇವು ನಿಜವಾದ ಅಡ್ಡಿಗಳು. ಬಾರದ ರೋಗಿಯನ್ನು ಬೇಜವಾಬ್ದಾರಿ ಎಂದು ಬೈಯುವುದರಲ್ಲಿ ಅರ್ಥವಿಲ್ಲ.

ಈ ಅಡ್ಡಿಗಳನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳದಿರುವುದೇ ತೊಂದರೆ. ಯಾಕೆಂದರೆ ಚಿಕಿತ್ಸೆಯ ಆಯ್ಕೆಯೇ ಅದರ ಮೇಲೆ ನಿಂತಿದೆ. ರೆಟಿನಾದಲ್ಲಿ ದುರ್ಬಲ ಹೊಸ ನಾಳಗಳು ಹುಟ್ಟಿದ ಹಂತದಲ್ಲಿ ಎರಡು ದಾರಿಗಳಿವೆ: ಲೇಸರ್ ಅಥವಾ ಇಂಜೆಕ್ಷನ್. ಲೇಸರ್ ಹಳೆಯ ವಿಧಾನ. ಅದು ತೀವ್ರ ದೃಷ್ಟಿನಾಶವನ್ನು ಅರ್ಧಕ್ಕಿಂತ ಕಡಿಮೆಗೆ ಇಳಿಸುತ್ತದೆಂದು 1970ರ ದಶಕದಲ್ಲೇ ಸಾಬೀತಾಗಿತ್ತು. ಪಕ್ಕದ ನೋಟ ಸ್ವಲ್ಪ ಕುಗ್ಗಬಹುದು, ಆದರೆ ಅದರ ಪರಿಣಾಮ ಉಳಿಯುತ್ತದೆ. ಇಂಜೆಕ್ಷನ್ ಕೂಡ ಲೇಸರಿಗೆ ಕಡಿಮೆಯಿಲ್ಲವೆಂದು 2015ರ ಅಧ್ಯಯನ ತೋರಿಸಿತು, ತಪ್ಪದೆ ಬಂದವರಲ್ಲಿ. ಬಾರದೆ ಹೋದವರ ಕಥೆಯನ್ನು 2019ರಲ್ಲಿ ಫಿಲಡೆಲ್ಫಿಯಾದ ವೈದ್ಯರು ಪ್ರಕಟಿಸಿದರು. ಆರು ತಿಂಗಳಿಗಿಂತ ಹೆಚ್ಚು ಕಾಲ ಆಸ್ಪತ್ರೆಯ ಕಡೆ ತಲೆಹಾಕದೆ ಆಮೇಲೆ ಮರಳಿದವರಲ್ಲಿ, ಬರೀ ಇಂಜೆಕ್ಷನ್ ಪಡೆದಿದ್ದವರ ನೋಟ ಲೇಸರ್ ಪಡೆದಿದ್ದವರಿಗಿಂತ ಕೆಟ್ಟಿತ್ತು. ಪರದೆ ಕಿತ್ತುಬಂದ ಕಣ್ಣುಗಳೂ ಬರೀ ಇಂಜೆಕ್ಷನ್ ಪಡೆದವರಲ್ಲೇ ಹೆಚ್ಚು. ಆ ರೋಗಿಗಳು ಅಮೆರಿಕದವರು, ಅವರ ಅಡ್ಡಿಗಳು ಬೇರೆ. ಕಣ್ಣು ಮಾತ್ರ ಎಲ್ಲರದ್ದೂ ಒಂದೇ.

ಆದ್ದರಿಂದ ರೆಟಿನಾ ವೈದ್ಯರ ಮುಂದೆ ಕೂತಾಗ ಮೊದಲು ಹೇಳಬೇಕಾದ್ದು ಇದು: ‘ಸಾರ್, ನಮ್ಮ ಊರು ಹಾಲುರಾಮೇಶ್ವರದ ಹತ್ತಿರ. ಪ್ರತಿ ತಿಂಗಳು ಬರಲು ಆಗುತ್ತೋ ಇಲ್ಲವೋ ಗ್ಯಾರಂಟಿ ಇಲ್ಲ. ಜೊತೆಗೆ ಬರುವವರು ಒಬ್ಬರೇ.’ ಶುಗರ್ ಎಷ್ಟಿದೆ ಎಂಬುದರಷ್ಟೇ ಬೆಲೆಯುಳ್ಳ ಮಾಹಿತಿ ಇದು. ಇದು ಗೊತ್ತಾದರೆ ವೈದ್ಯರು ಇಂಜೆಕ್ಷನ್ ಜೊತೆಗೆ ಲೇಸರನ್ನೂ ಮಾಡಿ ಕಳಿಸಬಹುದು, ಹೆಚ್ಚು ಕಾಲ ಬಾಳುವ ಔಷಧ ಆರಿಸಬಹುದು, ಕೆಲವರಿಗೆ ಮೂರು ನಾಲ್ಕು ತಿಂಗಳು ಕೆಲಸ ಮಾಡುವ ಸ್ಟೀರಾಯ್ಡ್ ಗುಳಿಗೆಯನ್ನು ಕಣ್ಣಿನೊಳಗೆ ಇಡಬಹುದು. ಸ್ಟೀರಾಯ್ಡಿನಿಂದ ಕಣ್ಣಿನ ಒತ್ತಡ ಏರಬಹುದು, ಪೊರೆ ಬೇಗ ಬರಬಹುದು. ಅದನ್ನೂ ಕೇಳಿ ತಿಳಿಯಬೇಕು. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫಾರಿಸಿಮ್ಯಾಬ್ ಎಂಬ ಔಷಧ ಕೆಲವರಲ್ಲಿ ನಾಲ್ಕು ತಿಂಗಳವರೆಗೂ ಅಂತರ ಕೊಡುತ್ತದೆ. ಆಯ್ಕೆಗಳು ಇವೆ. ಆದರೆ ಊರಿನ ದೂರ ಹೇಳದವರಿಗೆ, ಹತ್ತಿರದವರಿಗೆ ಬರೆಯುವ ಚೀಟಿಯನ್ನೇ ಬರೆದುಕೊಡುತ್ತಾರೆ.

ಖರ್ಚಿನ ಮಾತನ್ನೂ ಹೀಗೆಯೇ ಮೊದಲೇ ಎತ್ತಬೇಕು. ಯಾವ ಆಸ್ಪತ್ರೆಯಲ್ಲಿ ಯಾವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ಬರುತ್ತದೆ ಎಂದು ಆರೋಗ್ಯ ಮಿತ್ರರನ್ನು ಕೇಳಿ. ಬೆಂಗಳೂರಿನ ಮಿಂಟೋದಂಥ ಸರ್ಕಾರಿ ಕಣ್ಣಾಸ್ಪತ್ರೆಯನ್ನೂ ವಿಚಾರಿಸಿ. ದುಬಾರಿ ಔಷಧದ ಒಂದು ಸೂಜಿ ಹಾಕಿಸಿಕೊಂಡು ದುಡ್ಡು ಮುಗಿಯಿತೆಂದು ನಿಲ್ಲಿಸುವುದಕ್ಕಿಂತ, ಕೈಗೆಟುಕುವ ಔಷಧದ ಐದು ಸೂಜಿ ಪೂರೈಸುವುದು ಎಷ್ಟೋ ಮೇಲು.

ಸೂಜಿಯ ಹಂತವೇ ಬಾರದಂತೆ ಮಾಡಲು ಸಾಧ್ಯ ಎಂಬುದು ಈ ಪತ್ರದ ಸಂತೋಷದ ಭಾಗ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು. ನಲವತ್ತು ದಾಟಿದ ಸಕ್ಕರೆ ಕಾಯಿಲೆಯವರಲ್ಲಿ ಎಂಟಕ್ಕೆ ಒಬ್ಬರಿಗೆ ರೆಟಿನಾ ಹಾನಿ, ನೂರಕ್ಕೆ ನಾಲ್ವರಿಗೆ ದೃಷ್ಟಿಗೇ ಕುತ್ತು ತರುವ ಹಂತದ ಹಾನಿ ಇದೆಯೆಂದು ‘ಸ್ಮಾರ್ಟ್ ಇಂಡಿಯಾ’ ಎಂಬ ಅಧ್ಯಯನ 2022ರಲ್ಲಿ ತಿಳಿಸಿತು. ಅಂಥವರಲ್ಲಿ ಎಷ್ಟೋ ಜನರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿರುತ್ತದೆ. ನೋವಿಲ್ಲ, ಕೆಂಪಿಲ್ಲ, ನೀರು ಸೋರುವುದಿಲ್ಲ. ಕಾಣುತ್ತದೆ ಎಂಬುದು ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಶುಗರ್ ಇದೆಯೆಂದು ಗೊತ್ತಾದ ವರ್ಷವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಪಾಪೆ ಅಗಲವಾಗುವ ಹನಿ ಹಾಕಿಸಿ ರೆಟಿನಾ ನೋಡಿಸಬೇಕು. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದ್ದು ಇದಕ್ಕೆ ಲೆಕ್ಕವಲ್ಲ.

ಮನೆಯಲ್ಲೇ ಮಾಡಬಹುದಾದ್ದು ಒಂದಿದೆ. ವಾರಕ್ಕೊಮ್ಮೆ ಒಂದು ಕಣ್ಣು ಅಂಗೈಯಿಂದ ಮುಚ್ಚಿ ಬಾಗಿಲ ಚೌಕಟ್ಟನ್ನು ನೋಡಿ, ಆಮೇಲೆ ಇನ್ನೊಂದು ಕಣ್ಣಿನಿಂದ ನೋಡಿ. ನೆಟ್ಟಗಿರುವ ಚೌಕಟ್ಟು ಡೊಂಕಾಗಿ ಕಂಡರೆ, ನಡುವೆ ಕಲೆ ಕಂಡರೆ, ಅದೇ ವಾರ ಹೊರಡಿ. ಎರಡು ಕಣ್ಣೂ ತೆರೆದಿದ್ದಾಗ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ದೋಷವನ್ನು ಮುಚ್ಚಿಬಿಡುತ್ತದೆ. ಒಂದು ಕಣ್ಣು ಹೋಗಿ ತಿಂಗಳಾದ ಮೇಲೆ ಗೊತ್ತಾಗುವುದು ಹೀಗೆಯೇ.

ಊರಿನ ಮುಖಂಡರಿಗೆ, ಮಠ–ದೇವಸ್ಥಾನಗಳ ಸಮಿತಿಗಳಿಗೆ, ಸ್ತ್ರೀಶಕ್ತಿ ಸಂಘಗಳಿಗೆ ಒಂದು ವಿನಂತಿ. ಜಾತ್ರೆಗೋ ಹುಟ್ಟುಹಬ್ಬಕ್ಕೋ ಉಚಿತ ಕಣ್ಣಿನ ಶಿಬಿರ ಮಾಡಿದಾಗ ಪೊರೆ ನೋಡುವುದಕ್ಕೇ ನಿಲ್ಲಿಸಬೇಡಿ. ರೆಟಿನಾದ ಫೋಟೊ ತೆಗೆಯುವ ಕ್ಯಾಮೆರಾ ತರುವಿರಾ ಎಂದು ಆಸ್ಪತ್ರೆಯವರನ್ನು ಕೇಳಿ. ಇದು ಆಗದ ಮಾತಲ್ಲ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ರೆಟಿನಾದಲ್ಲೂ ಇಂಥದ್ದೇ ಹೊಸ ನಾಳಗಳ ಕಾಯಿಲೆ ಬರುತ್ತದೆ. ಅದಕ್ಕಾಗಿ 2008ರಲ್ಲಿ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಅವರ ಮುಂದಾಳ್ತನದಲ್ಲಿ ಕಿಡ್‌ರಾಪ್ ಎಂಬ ಯೋಜನೆ ಕರ್ನಾಟಕದಲ್ಲಿ ಆರಂಭವಾಯಿತು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ, ಚಿತ್ರಗಳನ್ನು ಬೆಂಗಳೂರಿನ ತಜ್ಞರು ನೋಡಿ ಹೇಳುತ್ತಾರೆ. ಒಂದೂವರೆ ಕಿಲೋ ತೂಗದ ಕೂಸಿನ ಕಣ್ಣಿಗೆ ಕ್ಯಾಮೆರಾ ಜಿಲ್ಲೆ ದಾಟಿ ಬರುವುದಾದರೆ, ಅದರ ಅಜ್ಜಿಯ ಕಣ್ಣಿಗೂ ಬರಬೇಕು. ರಾಜ್ಯ ಸರ್ಕಾರ ಆರಂಭಿಸಿದ ಆಶಾಕಿರಣ ಯೋಜನೆ ಮನೆಬಾಗಿಲಿಗೆ ಬಂದು ಕಣ್ಣು ನೋಡಿ ಕನ್ನಡಕ ಕೊಟ್ಟಿತು. ಅದೇ ಬಾಗಿಲಲ್ಲಿ ಶುಗರ್ ಇದ್ದವರ ರೆಟಿನಾ ಫೋಟೊ ಕೂಡ ಆಗಬೇಕೆಂದು ಗ್ರಾಮಸಭೆಯಲ್ಲಿ ಕೇಳುವುದು ನಿಮ್ಮ ಹಕ್ಕು.

ಆಸ್ಪತ್ರೆಗಳೂ ಒಂದು ಕೆಲಸ ಮಾಡಬೇಕು. ಸಹಿ ಹಾಕಿಸುವ ಕಾಗದ ಇಂಗ್ಲಿಷಿನಲ್ಲಿರುವುದು ಸಾಕು. ‘ಇದು ಮೊದಲನೆಯದು, ಇನ್ನೂ ಇಷ್ಟು ಬೇಕಾಗಬಹುದು, ಮುಂದಿನ ತಾರೀಖು ಇದು’ ಎಂಬ ಮೂರು ಮಾತನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಒಂದು ಕಾರ್ಡಿನ ಮೇಲೆ ಬರೆದುಕೊಟ್ಟರೆ ಎಷ್ಟೋ ಕಣ್ಣು ಉಳಿದಾವು.

ಅಂಥ ಕಾರ್ಡು ಕೊಡದಿದ್ದರೆ ನೀವೇ ಬರೆಸಿಕೊಳ್ಳಿ. ಮುಂದಿನ ತಾರೀಖು ಬರೆಯಿಸಿಕೊಳ್ಳದೆ ಆಸ್ಪತ್ರೆಯ ಮೆಟ್ಟಿಲು ಇಳಿಯಬೇಡಿ. ಆ ತಾರೀಖು ಅಡಿಕೆ ಕೊಯ್ಲಿಗೋ ಮನೆಯ ಮದುವೆಗೋ ಅಡ್ಡ ಬರುತ್ತದೆಯೇ ಎಂದು ಅಲ್ಲೇ ನೋಡಿ, ಅಡ್ಡ ಬಂದರೆ ಅಲ್ಲೇ ಬದಲಿಸಿಕೊಳ್ಳಿ. ಮನೆಗೆ ಬಂದ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಜೊತೆಗೆ ಹೋಗುವವರು ಯಾರೆಂದು ಅದರ ಕೆಳಗೆ ಬರೆಯಿರಿ.